ಕೈಯಲ್ಲಿ ಮಾಡಿದ್ದು ಅಂದ್ರೆ, ಯಾರ ಕೈ?

ಕ್ರಿಸ್ಮಸ್ಸಿಗೆ ಮುಂಚೆ ಬ್ರಿಸ್ಬೇನ್ ಪೇಟೆಯಲ್ಲಿ ಕೈಕಸುಬಿನ ಸಂತೆ ನಡೆಯತ್ತೆ. ನಮ್ಮ ಎಯ್ಟ್ ಮೈಲ್ ಪ್ಲೇನ್ಸ್‌ನಿಂದ ಬಸ್‌ವೇ ಹಿಡಿದ್ರೆ ಸೀದಾ ಕಿಂಗ್ ಜಾರ್ಜ್ ಸ್ಕ್ವೇರ್. (ಎಂಟು ಮೈಲಿ ಅಂದ್ರೆ ಎಲ್ಲಿಂದ ಎಂಟು ಮೈಲಿ ಅಂತ ಊರಿಂದ ಬಂದವರೆಲ್ಲ ಕೇಳ್ತಾರೆ. ಪೇಟೆಯಿಂದ ಅಲ್ಲ, ವುಲನ್‌ಗಾಬಾದಲ್ಲಿದ್ದ ಒನ್ ಮೈಲ್ ಸ್ವಾಂಪ್ ಅನ್ನೋ ಜೌಗಿನಿಂದ.) 1930ರಲ್ಲಿ ಕಟ್ಟಿ ಮುಗಿಸಿದ ಸಿಟಿ ಹಾಲಿನ ಗಡಿಯಾರದ ಗೋಪುರ ಒಂದು ಕಡೆ, ಅದರ ಮುಂದೆ ಸಾಲಾಗಿ ಬಿಳಿ ಟೆಂಟುಗಳು. ಸೋಪು, ಮೇಣದ ಬತ್ತಿ, ಮಣ್ಣಿನ ಲೋಟ, ಕ್ರೋಶಾ ಕೋಲಾ. ಬೆಲೆ ಕೇಳಿದ್ರೆ ಮಾತ್ರ ರೂಪಾಯಿಗೆ ಲೆಕ್ಕ ಹಾಕಬೇಡಿ.

ಜೊತೆಗೆ ಬಂದಿದ್ದ ಗೆಳತಿಯೊಬ್ಬರು, "ಇಲ್ಲಿ ಒಂದು ಟೇಬಲ್ ತಗೊಂಡು ಚನ್ನಪಟ್ಟಣದ ಗೊಂಬೆ ಇಟ್ರೆ ಹೇಗೆ ಹೋಗತ್ತೆ ನೋಡಿ" ಅಂದ್ರು. ಹೋಗತ್ತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಇಡೋ ಹಾಗಿಲ್ಲ! ಇಂಥ ಸಂತೆಗಳ ಮೊದಲ ಕಟ್ಟಳೆಯೇ ಅದು: ಮಾರುವವರೇ ಮಾಡಿರಬೇಕು. ಬೇರೆಯವರು ಮಾಡಿದ್ದನ್ನ ತಂದು ಮಾರಿದ್ರೆ ಅದು ಅಂಗಡಿ, ಸಂತೆ ಅಲ್ಲ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತವರು ಇಲ್ಲಿಗೆ ಬಂದು ಟೇಬಲ್ ಹಿಂದೆ ನಿಲ್ಲೋದು ಯಾವ ಕಾಲಕ್ಕೆ? ಹಾಗಾಗಿ ಪೂರಾ ಕೈಯಿಂದಲೇ ಬದುಕೋ ಜನರ ಸರಕಿಗೆ ಕೈಕಸುಬಿನ ಸಂತೆಯಲ್ಲಿ ಜಾಗ ಇಲ್ಲ. ಗೆಳತಿಗೆ ಸಿಟ್ಟು ಬಂತು. ನನಗೆ ಈ ಕಟ್ಟಳೆ ಎಲ್ಲಿಂದ ಬಂತು ಅನ್ನೋ ಹುಳ ಹೊಕ್ಕಿತು.

ಹತ್ತಿರದ ಬೇರು ಇಲ್ಲೇ ಇದೆ. ಬ್ರಿಸ್ಬೇನಿನಿಂದ ಉತ್ತರಕ್ಕೆ ಸುಮಾರು ಒಂದೂವರೆ ಗಂಟೆ ದಾರಿ, ಯುಮುಂಡಿ ಅಂತ ಪುಟ್ಟ ಊರು. ಅಲ್ಲಿನ ಸಂತೆ 1979ರಲ್ಲಿ ಮೂರೇ ಮೂರು ಟೇಬಲ್ಲಿನಿಂದ ಶುರುವಾಯ್ತು. ತಾವು ಮಾಡಿದ್ದು, ಬೇಯಿಸಿದ್ದು, ಹೊಲಿದಿದ್ದು, ಬೆಳೆದಿದ್ದು ಮಾತ್ರ ಅನ್ನೋದು ಅವರ ನೇಮ. ಈಗ ಬಸ್ಸುಗಟ್ಟಲೆ ಜನ ಹೋಗ್ತಾರೆ.

ಆಳದ ಬೇರು ಲಂಡನ್ನಿನಲ್ಲಿದೆ. ಯಂತ್ರ ಬರುವ ಮುಂಚೆ "ಕೈಯಲ್ಲಿ ಮಾಡಿದ್ದು" ಅಂತ ಯಾರೂ ಹೇಳ್ತಿರಲಿಲ್ಲ, ಯಾಕಂದ್ರೆ ಎಲ್ಲವೂ ಕೈಯಲ್ಲಿ ಮಾಡಿದ್ದೇ. ಕಾರ್ಖಾನೆ ಎಲ್ಲವನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯೋಕೆ ಶುರು ಮಾಡಿದ ಮೇಲೆ ವಿಲಿಯಂ ಮಾರಿಸ್ ತರಹದವರು ಸಿಡಿದೆದ್ದರು. ಅವರ ಬಳಗ 1888ರಲ್ಲಿ ಲಂಡನ್ನಿನಲ್ಲಿ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಪ್ರದರ್ಶನ ಅಂತ ನಡೆಸಿತು. ಅದರಲ್ಲಿ ಒಂದು ಹೊಸ ವಿಷಯ ಇತ್ತು: ಪಟ್ಟಿಯಲ್ಲಿ ಕಂಪನಿಯ ಹೆಸರಿನ ಜೊತೆ ನಕ್ಷೆ ಬರೆದವರು ಯಾರು, ಕೈಯಾರೆ ಮಾಡಿದವರು ಯಾರು ಅನ್ನೋದನ್ನೂ ಅಚ್ಚು ಹಾಕಿದ್ರು. ಮರಗೆಲಸದವನಿಗೂ ಹೆಸರು ಇರತ್ತೆ ಅಂತ ಒಪ್ಪಿಕೊಂಡ ಹಾಗೆ.

ಅದಕ್ಕಿಂತ ಎರಡೇ ವರ್ಷ ಹಿಂದೆ ಅದೇ ಊರಲ್ಲಿ ಏನಾಗಿತ್ತು ಗೊತ್ತಾ? 1886ರ ಮೇ ತಿಂಗಳಲ್ಲಿ ಸೌತ್ ಕೆನ್ಸಿಂಗ್ಟನ್ನಿನಲ್ಲಿ ವಿಕ್ಟೋರಿಯಾ ರಾಣಿ ಕಲೋನಿಯಲ್ ಅಂಡ್ ಇಂಡಿಯನ್ ಎಕ್ಸಿಬಿಷನ್ ಉದ್ಘಾಟಿಸಿದಳು. 55 ಲಕ್ಷಕ್ಕೂ ಹೆಚ್ಚು ಜನ ನೋಡಿದ ಜಾತ್ರೆ ಅದು. ಆಗಿನ್ನೂ ಬೇರೆ ವಸಾಹತಾಗಿದ್ದ ಕ್ವೀನ್ಸ್‌ಲ್ಯಾಂಡ್ ಕೂಡ ಮಳಿಗೆ ಹಾಕಿತ್ತು. ಅಂದ್ರೆ ನಾನು ಬಿಟ್ಟು ಬಂದ ದೇಶ, ಬಂದು ಸೇರಿದ ಸೀಮೆ ಎರಡೂ ಒಂದೇ ಸೂರಿನ ಕೆಳಗೆ. ಆದ್ರೆ ಕ್ವೀನ್ಸ್‌ಲ್ಯಾಂಡಿನವರು ತಮ್ಮ ನೆಲದ ಸಂಪತ್ತು ತೋರಿಸಿದ್ರು. ಇಂಡಿಯಾ ವಿಭಾಗದಲ್ಲಿ ಸಾಮಾನಿನ ಜೊತೆ ಮನುಷ್ಯರನ್ನೇ ಕೂರಿಸಿದ್ರು. ಮೂವತ್ತನಾಲ್ಕು ಜನ ಕುಶಲಕರ್ಮಿಗಳು ದಿನವಿಡೀ ಜಮಖಾನ ನೇಯ್ತಾ, ಮಡಕೆ ತಿರುಗಿಸ್ತಾ, ತಾಮ್ರ ತಟ್ತಾ ಕೂತಿರಬೇಕು, ಜನ ಸುತ್ತ ನಿಂತು ನೋಡಬೇಕು. ತಲತಲಾಂತರದಿಂದ ಬಂದ ಹಳ್ಳಿ ಕಸುಬುದಾರರು ಅಂತ ನೋಡಿದವರೆಲ್ಲ ನಂಬಿದ್ರು.

ನಿಜ ಏನಂದ್ರೆ ಅವರನ್ನ ಕರೆತಂದಿದ್ದು ಆಗ್ರಾ ಸೆಂಟ್ರಲ್ ಜೈಲಿನಿಂದ. ಕಸುಬು ಕಲಿತಿದ್ದು ಅಪ್ಪನ ತೊಡೆ ಮೇಲಲ್ಲ, ಜೈಲಿನ ಮಗ್ಗದ ಮುಂದೆ! ಕರೆದುಕೊಂಡು ಬಂದವನು ಜೈಲಿನ ಸೂಪರಿಂಟೆಂಡೆಂಟ್ ಡಾಕ್ಟರ್ ಟೈಲರ್. ಈ ಏರ್ಪಾಡಿನಲ್ಲಿ ಕೈಜೋಡಿಸಿದ ಜೈಲಿನ ಗುಮಾಸ್ತನೇ ಮುಂದಿನ ವರ್ಷ ರಾಣಿಯ ಸೇವೆಗೆ ಹೋದ ಅಬ್ದುಲ್ ಕರೀಂ. 2017ರ ಸಿನಿಮಾದಿಂದಾಗಿ ಅವನು ಎಲ್ಲರಿಗೂ ಗೊತ್ತು. ನೇಯ್ದವರನ್ನ ಯಾರು ಕೇಳ್ತಾರೆ?

ತಮಾಷೆ ಅಂದ್ರೆ ಅವರಲ್ಲಿ ಕೆಲವರ ಹೆಸರು ಉಳಿದಿದ್ದು ರಾಣಿಯಿಂದಲೇ. ರುಡಾಲ್ಫ್ ಸ್ವೊಬೊಡಾ ಅನ್ನೋ ಚಿತ್ರಕಾರನಿಂದ ಅವಳು ಭಾವಚಿತ್ರ ಬರೆಸಿದಳು. ಬಕ್ಷೀರಾಮ್ ಅಂತ ಬಿಳಿಗಡ್ಡದ ಕುಂಬಾರಜ್ಜ, ನೂರಾ ಎರಡು ವರ್ಷ ಅಂತ ಹೇಳ್ತಿದ್ರು. ರಾಮಲಾಲ್ ಅಂತ ಜಮಖಾನ ನೇಯೋ ಪುಟ್ಟ ಹುಡುಗ. ಆ ಚಿತ್ರಗಳನ್ನ ಆಸ್ಬರ್ನ್ ಹೌಸಿನ ಗೋಡೆ ಮೇಲೆ ತೂಗುಹಾಕಿದ್ರು. ಕೈಯಿಂದ ಮಾಡಿದ ಸಾಮಾನಿನ ಮೇಲೆ ಹೆಸರಿಲ್ಲ, ಕೂತು ನೋಡಿಸಿಕೊಂಡಿದ್ದಕ್ಕೆ ಹೆಸರು ಸಿಕ್ತು.

ನಮ್ಮ ಕಡೆ ಆ ಹೊತ್ತಿಗೆ ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಶುರುವಾಗಿತ್ತು, 1880ರಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ. ಹಬ್ಬದ ಹೊತ್ತಿಗೆ ಕಸುಬಿನ ಜಾತ್ರೆ ಅನ್ನೋದು ನಮಗೇನೂ ಹೊಸದಲ್ಲ ನೋಡಿ, ಕ್ರಿಸ್ಮಸ್ ಬದಲು ನವರಾತ್ರಿ ಅಷ್ಟೆ. ಹಪ್ಪಳ ತಿಂದು, ಜಯಂಟ್ ವೀಲ್ ಹತ್ತಿ, ಬರುವಾಗ ಬೀಟೆ ಮರದ ಆನೆ ತರೋದು ಎಷ್ಟೋ ಮನೆಗಳ ಪದ್ಧತಿ. ನಮ್ಮ ಮನೆಯ ಆನೆಯ ಹೊಟ್ಟೆಯಡಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಕೆತ್ತಿದವರ ಹೆಸರಿಗೆ ಹುಡುಕಿದೆ, ಇಲ್ಲ.

ಹೆಸರಿನ ವಿಷಯಕ್ಕೆ ಇಂಡಿಯಾದಲ್ಲಿ ಹಟ ಹಿಡಿದವರಲ್ಲಿ ಮೊದಲು ನೆನಪಾಗೋದು ನಮ್ಮ ಮಂಗಳೂರಿನ ಹೆಣ್ಣುಮಗಳು. 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಹಿಂದೆ ಹೋಗದೆ, 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯ ನೊಗಕ್ಕೆ ಹೆಗಲು ಕೊಟ್ಟರು. 1965ರಿಂದ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂತು. ಸಂಗೀತಗಾರನಿಗೆ ಕೊಡೋ ಹಾಗೆ ಕುಂಬಾರನಿಗೂ ಹೆಸರು ಕರೆದು ವೇದಿಕೆಗೆ ಹತ್ತಿಸೋದು ಸಣ್ಣ ಮಾತಲ್ಲ. ಆದ್ರೆ ಪ್ರಶಸ್ತಿ ಒಬ್ಬರಿಗೆ, ಲೇತ್ ಮುಂದೆ ಕೂತವರು ಸಾವಿರಾರು.

ಮತ್ತೆ ಚನ್ನಪಟ್ಟಣಕ್ಕೆ ಬರೋಣ. ಟಿಪ್ಪು ಪರ್ಷಿಯಾದಿಂದ ಕಸುಬುದಾರರನ್ನ ಕರೆಸಿದ ಅಂತ ಊರವರು ಹೇಳ್ತಾರೆ. ಹೋದ ಶತಮಾನದ ಮೊದಲಲ್ಲಿ ಬಾವಾಸ್ ಮಿಯಾ ಅನ್ನೋರು ಜಪಾನೀ ಗೊಂಬೆಗಳ ವಿಧಾನ ಕಲಿತು ಇಲ್ಲಿಯವರಿಗೆ ಹೇಳಿಕೊಟ್ಟರು. ಹಾಲೆ ಮರ ಮೆದು, ಬಿಳಿ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದ್ರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳತ್ತೆ, ಆಮೇಲೆ ಗರಿಯಿಂದ ಉಜ್ಜಿದ್ರೆ ಹೊಳಪು. ಒಂದು ಗೆರೆ ದಪ್ಪ ಒಂದು ಸಣ್ಣ ಆಗೋದು ಆ ಒತ್ತೋ ಕೈಯಿಂದ. 2005-06ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, ಅಂದ್ರೆ ಊರಿನ ಹೆಸರಿಗೆ ಕಾನೂನಿನ ಕಾವಲು. ಊರಿಗೆ. ಮಾಡಿದವರಿಗಲ್ಲ.

ಬ್ರಿಸ್ಬೇನಿನ ಕಟ್ಟಳೆ ತಪ್ಪು ಅಂತ ನಾನು ಅನ್ನಲ್ಲ. ಅದು ಇಲ್ಲದಿದ್ರೆ ಎರಡೇ ವರ್ಷದಲ್ಲಿ ಪೂರಾ ಸಂತೆ ಕಂಟೇನರಿನಲ್ಲಿ ಬಂದ ಸರಕಿನಿಂದ ತುಂಬಿ ಹೋಗತ್ತೆ. ಆದ್ರೆ ಮಾಡಿದವರು ಎದುರಿಗೆ ನಿಲ್ಲಬೇಕು ಅನ್ನೋದಕ್ಕಿಂತ, ಯಾರು ಮಾಡಿದ್ದು ಅಂತ ಗೊತ್ತಿರಬೇಕು ಅಂತ ಮಾಡಿದ್ರೆ ಸಾಕಿತ್ತೇನೋ. ಎದುರಿಗೆ ನಿಲ್ಲೋಕೆ ಪಾಸ್‌ಪೋರ್ಟ್ ಬೇಕು, ಹೆಸರಿಗೆ ಒಂದು ಚೀಟಿ ಸಾಕು.

ಕಳೆದ ಸಲ ಊರಿಗೆ ಹೋದಾಗ ಮೈಸೂರು ರಸ್ತೆಯಲ್ಲಿ ಇಳಿದು, ಅಂಗಡಿ ಬಿಟ್ಟು ಒಳಗಿನ ಬೀದಿಯಲ್ಲಿ ಲೇತ್ ಹತ್ತಿರವೇ ಹೋಗಿ ಒಂದು ಬುಗುರಿ, ಒಂದು ಕಿಲಕಿಲಿ ತಗೊಂಡೆ. "ಇದರ ಅಡಿಯಲ್ಲಿ ನಿಮ್ಮ ಹೆಸರು ಬರೆದುಕೊಡ್ತೀರಾ ಅಕ್ಕ?" ಅಂದೆ. ಅವರು ನಕ್ಕು, ಪೆನ್ನು ಇಸ್ಕೊಂಡು, "ಮಗಳ ಹೆಸರು ಬರೀಲಾ? ಅವಳೇ ಬಣ್ಣ ಹಾಕಿದ್ದು" ಅಂದ್ರು. ಎರಡೂ ಬರೆಸಿಕೊಂಡೆ. ಮರದ ಸಾಮಾನು ಅಂತ ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಡಿಕ್ಲೇರ್ ಮಾಡಿದಾಗ, ಹುಳ ಕೊರೆದ ತೂತು ಇದೆಯಾ ಅಂತ ಆಫೀಸರಮ್ಮ ಟಾರ್ಚ್ ಹಿಡಿದು ಬುಗುರಿಯನ್ನ ತಿರುಗಿಸಿ ನೋಡಿದಳು. ಅಡಿಯಲ್ಲಿದ್ದ ಕನ್ನಡ ಅಕ್ಷರ ತೋರಿಸಿ "ಇದು ಕಂಪನಿಯ ಹೆಸರಾ?" ಅಂತ ಕೇಳಿದಳು. ಅಲ್ಲ, ಒಬ್ಬ ತಾಯಿ, ಒಬ್ಬಳು ಮಗಳು ಅಂದೆ. ಸರಿ ಅಂತ ವಾಪಸ್ ಕೊಟ್ಟಳು.