ತಿರಸ್ಕಾರದ ಹಳೆಯ ಮನೆ

ಚುನಾವಣೆ ಬಂತೆಂದರೆ ‘ನಾಮಪತ್ರ ತಿರಸ್ಕೃತ’ ಎಂಬ ಸುದ್ದಿ ತಪ್ಪಿದ್ದಲ್ಲ. ಸಾಲದ ಅರ್ಜಿಗೂ ಜಾಮೀನಿನ ಅರ್ಜಿಗೂ ಅದೇ ಪದ. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ಒಪ್ಪದಿದ್ದರೂ ಬರಹದಲ್ಲಿ ಅದು ‘ತಿರಸ್ಕಾರ’ವೇ. ವಾರ್ಡಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ‘ರಿಜೆಕ್ಷನ್’. ಅದೇ ಒಳ್ಳೆಯದು ಅನ್ನಿ; ಮಗನಿಗೆ ಕಿಡ್ನಿ ಕೊಟ್ಟ ತಾಯಿಯ ಮುಂದೆ ‘ತಿರಸ್ಕಾರ’ ಎನ್ನಲು ನಾಲಿಗೆ ಹೇಗೆ ಬರಬೇಕು?

ಪದದ ಬೇರಿನಲ್ಲಿ ಈ ಅವಮಾನ ಇಲ್ಲ. ಸಂಸ್ಕೃತದ ‘ತಿರಸ್’ ಎಂದರೆ ಅಡ್ಡ, ಮರೆ. ತಿರೋಧಾನ, ತಿರೋಹಿತಗಳು ಅದರ ಬಳಗ. ಅಮರಕೋಶದಲ್ಲಿ ‘ತಿರಸ್ಕರಿಣೀ’ ಎಂಬುದು ಜವನಿಕೆಗೆ, ಅಂದರೆ ಪರದೆಗೆ, ಇನ್ನೊಂದು ಹೆಸರು. ಕಾಳಿದಾಸನ ಊರ್ವಶಿ ಇದೇ ಹೆಸರಿನ ವಿದ್ಯೆಯಿಂದ ಕಾಣದಂತೆ ನಿಂತು ಪುರೂರವನ ವಿರಹದ ಮಾತು ಕೇಳಿಸಿಕೊಳ್ಳುತ್ತಾಳೆ. ಕುಮಾರಸಂಭವದಲ್ಲಂತೂ ಹಿಮಾಲಯದ ಗುಹೆಗಳ ಬಾಗಿಲಿಗೆ ಮೋಡಗಳೇ ತಿರಸ್ಕರಿಣಿ. ಮರೆಮಾಡುವುದು, ಬದಿಗೆ ಸರಿಸುವುದು, ಬೇಡವೆನ್ನುವುದು, ಕೀಳಾಗಿ ಕಾಣುವುದು: ಅರ್ಥ ಹೀಗೆ ಜಾರುತ್ತ ಬಂದು ಕನ್ನಡದಲ್ಲಿ ಕೊನೆಯೆರಡೇ ಗಟ್ಟಿಯಾಗಿ ನಿಂತವು.

ದೇಹಕ್ಕೆ ಹೀಯಾಳಿಸಲು ಬಾರದು, ಗುರುತು ಹಿಡಿಯಲು ಬರುತ್ತದೆ. ಜೀವಕೋಶಗಳ ಮೈಮೇಲಿನ ಎಚ್‌ಎಲ್‌ಎ ಪ್ರೋಟೀನುಗಳೇ ಆ ಗುರುತು. ಮೂತ್ರಪಿಂಡದ ಜೊತೆ ಬಂದ ದಾನಿಯ ಡೆಂಡ್ರೈಟಿಕ್ ಕೋಶಗಳು ರೋಗಿಯ ದುಗ್ಧಗ್ರಂಥಿಗಳಿಗೆ ಹೋಗಿ, ಅಲ್ಲಿ ಕಾವಲಿರುವ ಟಿ ಕೋಶಗಳಿಗೆ ಆ ಗುರುತನ್ನು ತೋರಿಸಿಬಿಡುತ್ತವೆ. ಎಚ್ಚೆತ್ತ ಟಿ ಕೋಶಗಳು ದಂಡು ಕಟ್ಟಿಕೊಂಡು ಬರುತ್ತವೆ. ಬಯಾಪ್ಸಿಯ ಚೂರನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಸೂಕ್ಷ್ಮ ನಾಳಿಕೆಗಳ ಗೋಡೆಯೊಳಗೆ ತೂರಿ ಕೂತ ಅವುಗಳ ಕಡುನೀಲಿ ಕೋಶಕೇಂದ್ರಗಳು ಕಾಣುತ್ತವೆ. ತಜ್ಞರು ಅವನ್ನು ಎಣಿಸುತ್ತಾರೆ: ಒಂದು ನಾಳಿಕೆಯ ಅಡ್ಡಸೀಳಿನಲ್ಲಿ ನಾಲ್ಕರೊಳಗಿದ್ದರೆ ಸೌಮ್ಯ, 10 ದಾಟಿದರೆ ತೀವ್ರ. ಕೊಲ್ಲುವ ಟಿ ಕೋಶ ಪರ್ಫೋರಿನ್‌ನಿಂದ ತೂತು ಕೊರೆದು ಗ್ರಾಂಜೈಮ್ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ. ಬಿ ಕೋಶಗಳ ದಾರಿ ಬೇರೆ. ಅವುಗಳಿಂದ ಹುಟ್ಟುವ ಪ್ರತಿಕಾಯಗಳು ರಕ್ತನಾಳಗಳ ಒಳಪದರವನ್ನು ಹಾಳುಗೆಡವುತ್ತವೆ.

1954ರಲ್ಲಿ ಬೋಸ್ಟನ್ನಿನಲ್ಲಿ ಶಸ್ತ್ರವೈದ್ಯ ಜೋಸೆಫ್ ಮರ್ರೆ ಮಾಡಿದ ಮೂತ್ರಪಿಂಡ ಕಸಿ ಗೆದ್ದದ್ದು ದಾನಿ, ರೋಗಿ ಇಬ್ಬರೂ ತದ್ರೂಪಿ ಅವಳಿಗಳಾಗಿದ್ದರಿಂದ. ಗುರುತು ಒಂದೇ, ಮರೆ ಬೇಕಾಗಲಿಲ್ಲ. ಉಳಿದವರಿಗೆ ಬೇಕು. ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ 1984ರಲ್ಲಿ ಸಿಕ್ಕ ಟ್ಯಾಕ್ರೋಲಿಮಸ್ ಎಂಬ ಔಷಧ ಒಂದು ಬಗೆಯ ತಿರಸ್ಕರಿಣಿ. ಊರ್ವಶಿಯದಷ್ಟು ಪಕ್ಕಾ ಅಲ್ಲ: ಟಿ ಕೋಶಕ್ಕೆ ಪರಕೀಯ ಗುರುತು ಕಾಣುತ್ತಲೇ ಇರುತ್ತದೆ, ಅದರೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಔಷಧ ಕಟ್ಟಿಹಾಕಿದ್ದರಿಂದ ದಂಡು ಕರೆಯುವ ಇಂಟರ್‌ಲ್ಯೂಕಿನ್-2 ಮಾತ್ರ ಹೊರಡುವುದಿಲ್ಲ. ಇದನ್ನೂ ಮೀರಿ ದಾಳಿ ನಡೆದರೆ ಸ್ಟೀರಾಯ್ಡ್ ಡ್ರಿಪ್ ಹಾಕುತ್ತಾರೆ, ಎಷ್ಟೋ ಸಲ ಕಿಡ್ನಿ ಉಳಿಯುತ್ತದೆ. ‘ತಿರಸ್ಕೃತ’ ಎಂದು ಷರಾ ಬರೆದಷ್ಟು ಅಂತಿಮವಲ್ಲ ಅದು.

ಟ್ಯಾಕ್ರೋಲಿಮಸ್ ರಕ್ತದಲ್ಲಿ ಕಡಿಮೆಯಾದರೆ ಟಿ ಕೋಶ ಏಳುತ್ತದೆ, ಹೆಚ್ಚಾದರೆ ಮೂತ್ರಪಿಂಡಕ್ಕೇ ಪೆಟ್ಟು. ಚಕ್ಕೋತ ಹಣ್ಣು ಆ ಮಟ್ಟವನ್ನು ಏರಿಸುತ್ತದೆ. ದೇವನಹಳ್ಳಿ ಕಡೆಯಿಂದ ನೆಂಟರು ಪ್ರೀತಿಯಿಂದ ತಂದರೂ ಕಸಿ ಮಾಡಿಸಿಕೊಂಡವರು ಅದನ್ನು ಮುಟ್ಟುವಂತಿಲ್ಲ.