ಕಚೇರಿಯ ಕುರ್ಚಿ ಮತ್ತು ದಕ್ಷತೆಯ ಪ್ರಶ್ನೆ

ಸರ್ಕಾರಿ ಕಚೇರಿಯಲ್ಲಿ ಎಲ್ಲ ಸಮುದಾಯದವರಿಗೂ ಸ್ಥಾನವಿರಬೇಕು ಎಂಬ ವಿಚಾರ ಸ್ವಾತಂತ್ರ್ಯಾನಂತರ ಹುಟ್ಟಿದ್ದೆಂದು ಹಲವರು ತಿಳಿದಿದ್ದಾರೆ. ನಮ್ಮ ನಾಡಿನಲ್ಲಿ ಅದರ ಇತಿಹಾಸ ಒಂದು ಶತಮಾನಕ್ಕಿಂತ ಹಳೆಯದು.

ಆಗ ಮೈಸೂರು ಸಂಸ್ಥಾನದ ಉನ್ನತ ಹುದ್ದೆಗಳಲ್ಲಿ ಬ್ರಾಹ್ಮಣರೇ ಬಹುಸಂಖ್ಯಾತರು. ಜನಸಂಖ್ಯೆಯಲ್ಲಿ ಅವರ ಪಾಲು ತೀರ ಚಿಕ್ಕದು. ಇಂಗ್ಲಿಷ್ ವಿದ್ಯೆ ಅವರಿಗೆ ಮೊದಲು ದಕ್ಕಿದ್ದು ಇದಕ್ಕೆ ಮುಖ್ಯ ಕಾರಣ. 1917ರಲ್ಲಿ ಒಕ್ಕಲಿಗ, ಲಿಂಗಾಯತ, ಮುಸ್ಲಿಂ ಮುಂತಾದ ಸಮುದಾಯಗಳ ಮುಖಂಡರು ಪ್ರಜಾಮಿತ್ರ ಮಂಡಳಿಯನ್ನು ಕಟ್ಟಿ ಮಹಾರಾಜರಲ್ಲಿ ಅಹವಾಲು ಹೇಳಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ದಿವಾನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೇ ಅಳತೆಗೋಲಾಗಬೇಕು, ಶಿಕ್ಷಣ ಹರಡಿದಂತೆ ಅಂತರ ತಗ್ಗುತ್ತದೆ ಎಂಬುದು ಅವರ ನಿಲುವು. ಆ ದಿನಗಳಲ್ಲೇ ಅವರು ಅಧಿಕಾರ ಬಿಟ್ಟರು.

1919ರ ಮಿಲ್ಲರ್ ವರದಿ ಹೇಳಿದ್ದೇನು? 7 ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಉಳಿದ ಸಮುದಾಯಗಳಿಗೆ ಸಿಗಬೇಕು. ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದ ಮಾತ್ರ ಅಳೆಯಲಾಗದು. 1921ರಲ್ಲಿ ಸರ್ಕಾರ ಈ ಶಿಫಾರಸುಗಳನ್ನು ಜಾರಿಗೆ ತಂದಿತು.

ವಿಜ್ಞಾನದ ವಿದ್ಯಾರ್ಥಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆರೆಯ ಒಂದೇ ದಡದಲ್ಲಿ ತೆಗೆದ ನೀರು ಇಡೀ ಕೆರೆಯ ಗುಣವನ್ನು ಹೇಳದು. ಜನರ ಕಷ್ಟ ತಿಳಿಯಬೇಕಾದ ಕಚೇರಿಯೂ ಹಾಗೆಯೇ.

ಆದರೆ ಮೈಸೂರಿನ ಆಜ್ಞೆ ಗಂಗಾವಳಿ ದಡದ ರಾಮನಗುಳಿಗೆ ಮುಟ್ಟಲಿಲ್ಲ. ಅಂಕೋಲಾ ಸೀಮೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಂಕೋಲಾ, ಯಲ್ಲಾಪುರ, ಹಳಿಯಾಳ ಕಾಡುಗಳ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಮಿಲ್ಲರ್ ಸಮಿತಿಯಿಂದ ಅಲ್ಲಿಗೆ 85 ವರ್ಷ! ಸಂಘಟನೆಯ ಬಲವಿದ್ದವರಿಗೆ ಬಾಗಿಲು ಬೇಗ ತೆರೆಯಿತು, ಇಲ್ಲದವರು ಕಾದರು.

ನೌಕರಿ ಸಿಕ್ಕ ಮೇಲೂ ಪ್ರಶ್ನೆ ಮುಗಿಯದು, ಬಡ್ತಿ, ಜ್ಯೇಷ್ಠತೆಗಳಿವೆ. ಪರಿಶಿಷ್ಟ ಜಾತಿ, ಪಂಗಡದ ನೌಕರರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡಿರುವುದು ಇದಕ್ಕಾಗಿಯೇ. ಬಡ್ತಿ ಮೀಸಲಾತಿಯ ಜ್ಯೇಷ್ಠತೆ ಕುರಿತ ರಾಜ್ಯದ ಕಾಯ್ದೆಯನ್ನು ಸುಪ್ರೀಂ ಕೋರ್ಟು 2017ರಲ್ಲಿ ರದ್ದುಮಾಡಿತು. ಪ್ರಾತಿನಿಧ್ಯದ ಕೊರತೆಯನ್ನು ಅಂಕಿಅಂಶಗಳಿಂದ ತೋರಿಸಿ ತಂದ ಹೊಸ ಕಾಯ್ದೆಯನ್ನು 2019ರಲ್ಲಿ ಎತ್ತಿಹಿಡಿಯಿತು. ಆಡಳಿತದ ದಕ್ಷತೆ ಎಂದರೆ ಎಲ್ಲರನ್ನೂ ಒಳಗೊಳ್ಳುವುದು ಎಂದಿತು. 2021ರಲ್ಲಿ ಕರ್ನಾಟಕ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1 ಮೀಸಲಾತಿ ನೀಡಿತು.

ಅರ್ಹತೆ ಬೇಡವೆಂದು ಮಿಲ್ಲರ್ ಹೇಳಲಿಲ್ಲ. ಶಿಕ್ಷಣ ಬೇಡವೆಂದು ಯಾರೂ ಹೇಳಲಾರರು. ಆದರೆ ಅರ್ಹತೆಯನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆ ಎಂಬುದನ್ನು ನೀವು ಕೇಳುತ್ತಲೇ ಇರಬೇಕು.