ಅತಿಭಾರಾರೋಪಣ: ಹೊರೆಯೂ ಅಹಿಂಸೆಯೂ

ಕಾರ್ಕಳದ ಗೊಮ್ಮಟಮೂರ್ತಿಯ ಪ್ರತಿಷ್ಠೆ ನಡೆದುದು ಕ್ರಿ.ಶ. 1432ರ ಫೆಬ್ರವರಿ 13ರಂದು. ಮಾಡಿಸಿದವನು ಭೈರರಸ ವಂಶದ ವೀರಪಾಂಡ್ಯ. ಪ್ರೇರಣೆ ಗುರು ಲಲಿತಕೀರ್ತಿಗಳದು. ಶ್ರವಣಬೆಳಗೊಳದ ಮೂರ್ತಿ ವಿಂಧ್ಯಗಿರಿಯ ನೆತ್ತಿಯ ಬಂಡೆಯಲ್ಲಿಯೇ ಮೂಡಿದುದರಿಂದ ಅಲ್ಲಿ ಸಾಗಣೆಯ ಪ್ರಶ್ನೆ ಏಳಲಿಲ್ಲ. ಕಾರ್ಕಳದಲ್ಲಿ ಹಾಗಲ್ಲ. ಸುಮಾರು 42 ಅಡಿಯ ಏಕಶಿಲಾಮೂರ್ತಿಯನ್ನು ಬೇರೆಡೆ ಕಡೆದು ಬೆಟ್ಟಕ್ಕೇರಿಸಿದರೆಂಬುದು ಪರಂಪರೆಯ ಮಾತು.

ಮದ್ರಾಸ್ ಸಿವಿಲ್ ಸೇವೆಯಲ್ಲಿದ್ದ ವಾಲ್‌ಹೌಸ್ 19ನೆಯ ಶತಮಾನದಲ್ಲಿ ಈ ಬಗೆಗಿನ ಐತಿಹ್ಯವೊಂದನ್ನು ದಾಖಲಿಸಿದ್ದಾನೆ. ಉಕ್ಕಿನ ಗಾಲಿಗಳ ಇಪ್ಪತ್ತು ಕಬ್ಬಿಣದ ಬಂಡಿಗಳ ಮೇಲೆ ಮೂರ್ತಿಯನ್ನು ಹೇರಿದರಂತೆ. ಗಾಲಿಗಾಲಿಗೂ ಹತ್ತು ಸಾವಿರ ತೆಂಗಿನಕಾಯಿ ಒಡೆದರಂತೆ. ವಿಗ್ರಹಕ್ಕೆ ರಾಶಿರಾಶಿ ಹತ್ತಿ ಹೊದಿಸಿ, ಇಳಿಜಾರು ದಾರಿಯಲ್ಲಿ ಭಕ್ತರ ದಂಡು ಅದನ್ನು ಮೇಲಕ್ಕೆಳೆಯಿತಂತೆ. ಸಂಖ್ಯೆಗಳನ್ನು ಅಕ್ಷರಶಃ ನಂಬಬೇಕಾಗಿಲ್ಲ. ಗಮನಿಸಬೇಕಾದುದು ಐತಿಹ್ಯದ ಕಣ್ಣು ಎಲ್ಲಿ ನೆಟ್ಟಿದೆಯೆಂಬುದನ್ನು. ಕಲ್ಲು ಮುಕ್ಕಾಗದಿರಲು ಹತ್ತಿಯಿದೆ, ಗಾಲಿಗೆ ವಿಘ್ನ ಬಾರದಿರಲು ತೆಂಗಿನಕಾಯಿಯಿದೆ. ಹಗ್ಗ ಹಿಡಿದವರ ಅಂಗೈಗೆ, ಬೆನ್ನಿಗೆ ಏನಿತ್ತು? ಏರಿನಲ್ಲಿ ಹಗ್ಗವೊಂದು ಹರಿದರೆ ಹೊರೆ ಹಿಂದಕ್ಕೆ ಜಾರುತ್ತದೆ. ಗಾಲಿಯ ಹಿಂದೆ ಕಲ್ಲು, ಮರದ ತುಂಡು ಒತ್ತುಕೊಡುವವನೇ ಮೊದಲು ಅದಕ್ಕೆ ಸಿಕ್ಕುವವನು. ಅವನ ಕುರಿತು ಐತಿಹ್ಯ ಒಂದು ಮಾತನ್ನೂ ಆಡುವುದಿಲ್ಲ.

ಈ ಮೌನ ಚುಚ್ಚುವುದು, ಹೊರೆಯ ವಿಷಯದಲ್ಲಿ ಜೈನಶಾಸ್ತ್ರ ಮೌನವಾಗಿಲ್ಲವೆಂಬ ಕಾರಣಕ್ಕೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ವಧವೆಂದರೆ ಇಲ್ಲಿ ಕೊಲೆಯಲ್ಲ, ಕೋಲು ಚಾವಟಿಗಳಿಂದ ಹೊಡೆಯುವುದು. ಹೊಡೆತ, ಅಂಗಚ್ಛೇದಗಳ ಸಾಲಿನಲ್ಲೇ ಅತಿಯಾದ ಹೊರೆ ಹೊರಿಸುವುದೂ ನಿಂತಿದೆ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದನ್ನು ವಿವರಿಸುವಾಗ ನ್ಯಾಯವಾದ ಭಾರಕ್ಕಿಂತ ಹೆಚ್ಚನ್ನು ಹೊರಿಸುವುದು ಎನ್ನುತ್ತಾರೆ. ಭಾರಕ್ಕೂ ಒಂದು ನ್ಯಾಯವುಂಟೆಂಬ ಈ ಮಾತು ಸಣ್ಣದಲ್ಲ.

ಸಮಂತಭದ್ರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅತಿಭಾರ ಎರಡು ಕಡೆ ಬರುತ್ತದೆ: ಅಹಿಂಸೆಯ ಅತಿಚಾರವಾಗಿ ಒಮ್ಮೆ, ಪರಿಗ್ರಹಪರಿಮಾಣದ ಅತಿಚಾರವಾಗಿ ಇನ್ನೊಮ್ಮೆ. ಎರಡನೆಯ ಪಟ್ಟಿಯಲ್ಲಿ ಅದಕ್ಕೆ ನೆರೆಯಾಗಿ ಲೋಭವೂ, ಶಕ್ತಿ ಮೀರಿ ದೂರ ನಡೆಸುವ ಅತಿವಾಹನವೂ ಇವೆ. ಬೆನ್ನು ಮುರಿಯುವುದು ಹಿಂಸೆ. ಮುರಿಯುವಷ್ಟು ಹೇರಿಸುವುದು ಲಾಭದಾಸೆ. ಎತ್ತಿನ ಮೇಲೆ ಸರಕು ಹೇರಿ ಊರೂರು ಸುತ್ತುತ್ತಿದ್ದ ವ್ಯಾಪಾರಿ ಶ್ರಾವಕರಿಗೆ ಇದು ದಿನದಿನದ ವ್ಯವಹಾರದ ಮಾತಾಗಿಯೇ ಕೇಳಿಸಿರಬೇಕು.

ಅಳತೆಯೇನು ಎಂಬ ಪ್ರಶ್ನೆಗೆ ಶ್ವೇತಾಂಬರರ ಶ್ರಾವಕಾಚಾರ ವ್ಯಾಖ್ಯಾನಗಳು ಸ್ಪಷ್ಟ ಉತ್ತರ ಕೊಟ್ಟಿವೆ. ಹೊರೆ ಹೊರಿಸಿ ಬದುಕುವ ವೃತ್ತಿಯನ್ನೇ ಬಿಡುವುದು ಲೇಸು. ಅನಿವಾರ್ಯವಾದರೆ, ಮನುಷ್ಯನು ತಾನೇ ಎತ್ತಿಕೊಳ್ಳಬಲ್ಲಷ್ಟನ್ನು, ತಾನೇ ಇಳಿಸಬಲ್ಲಷ್ಟನ್ನು ಮಾತ್ರ ಹೊರಿಸಬೇಕು. ಪಶುವಿಗೆ ಉಚಿತ ಭಾರಕ್ಕಿಂತ ಕೊಂಚ ಕಡಿಮೆ ಹೇರಬೇಕು, ನೇಗಿಲು ಬಂಡಿಗಳಿಂದ ಹೊತ್ತಿಗೆ ಸರಿಯಾಗಿ ಬಿಡಿಸಬೇಕು. ಈ ನಿಯಮದ ತಿರುಳಿರುವುದು ‘ಇಳಿಸಬಲ್ಲ’ ಎಂಬಲ್ಲಿ. ಇಬ್ಬರು ಸೇರಿ ಒಬ್ಬನ ತಲೆಗೇರಿಸಿದ ಮೂಟೆಯನ್ನು ಅವನು ಒಂದಷ್ಟು ದೂರ ಹೊತ್ತಾನು. ನಡುದಾರಿಯಲ್ಲಿ ಸುಸ್ತಾದಾಗ ಇಳಿಸಲಾರ. ಕತ್ತು ಉಳುಕುವುದು, ಕಾಲು ತಪ್ಪುವುದು ಆಗಲೇ.

1948ರ ಕಾರ್ಖಾನೆ ಕಾಯ್ದೆಯ 34ನೆಯ ಕಲಮು, ಗಾಯವಾಗುವ ಸಂಭವವಿರುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು, ಹೊರಿಸಬಾರದು ಎನ್ನುತ್ತಿತ್ತು. 1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಶಿಫಾರಸು ವಯಸ್ಕ ಪುರುಷನ ಹೊರೆಗೆ 55 ಕಿಲೋಗ್ರಾಮಿನ ಮಿತಿ ಸೂಚಿಸಿತು. ಕಿಲೋಗ್ರಾಮು ಎಲ್ಲರಿಗೂ ಒಂದೇ. ಹಳೆಯ ವ್ಯಾಖ್ಯಾನಕಾರರ ಅಳತೆ ಹೊರುವವನ ಮೈಯನ್ನು ನೋಡಿ ಹೇಳಿದ್ದು. ಎರಡೂ ಬೇಕು.

ಕಾರ್ಕಳದಲ್ಲಿಯೇ ರೆಂಜಾಳ ಗೋಪಾಲ ಶೆಣೈ ಅವರು ಕಡೆದ 39 ಅಡಿಯ ಬಾಹುಬಲಿ 1973ರಲ್ಲಿ ಧರ್ಮಸ್ಥಳಕ್ಕೆ ಹೊರಟಾಗ ಹೊರೆ ಬಹುಚಕ್ರದ ವಾಹನಕ್ಕೆ ದಾಟಿತ್ತು. ಮನುಷ್ಯರ ತಲೆಹೊರೆ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಹಳೆಯ ದಾರಿಗಳ ಬದಿಯಲ್ಲಿ ಈಗಲೂ ಅಲ್ಲಲ್ಲಿ ಎರಡು ನಿಲುಗಲ್ಲುಗಳ ಮೇಲೆ ಅಡ್ಡಗಲ್ಲೊಂದನ್ನು ಇಟ್ಟಿರುವುದು ಕಾಣಸಿಗುತ್ತದೆ. ಬಗ್ಗದೆ, ಯಾರನ್ನೂ ಕರೆಯದೆ ತಲೆಯ ಮೂಟೆಯನ್ನು ಅದರ ಮೇಲಕ್ಕೆ ಸರಿಸಬಹುದು. ದಣಿವಾರಿದ ಮೇಲೆ ಹಾಗೆಯೇ ಮತ್ತೆ ತಲೆಗೆ ತಂದುಕೊಳ್ಳಬಹುದು. ಕಲ್ಲಿನ ಎತ್ತರ ಸರಿಯಾಗಿ ಹೊರುವವನ ಹೆಗಲ ಮಟ್ಟಕ್ಕಿರುತ್ತದೆ.